ಒಂಬತ್ತನೆಯ ನರದ ನೋವು

ಮಿದುಳಿನಿಂದ ಹೊರಡುವ ಹನ್ನೆರಡು ಜೋಡಿ ನರಗಳನ್ನು ವೈದ್ಯಕೀಯ ವಿದ್ಯಾರ್ಥಿಗಳು ಇವತ್ತು ಬಾಯಿಪಾಠ ಮಾಡುವ ಕ್ರಮ 1778ರಷ್ಟು ಹಳೆಯದು. ಗಾಟಿಂಗೆನ್ನಿನಲ್ಲಿ ಓದುತ್ತಿದ್ದ ಸಾಮರಿಂಗ್ ಎಂಬ ತರುಣ ತನ್ನ ಪ್ರೌಢಪ್ರಬಂಧದಲ್ಲಿ ಆ ಎಣಿಕೆಯನ್ನು ಕೊಟ್ಟ. ಅದಕ್ಕೆ ನೂರು ವರ್ಷಕ್ಕೂ ಹಿಂದೆ, 1664ರಲ್ಲಿ, ಆಕ್ಸ್‌ಫರ್ಡ್‌ನ ಥಾಮಸ್ ವಿಲಿಸ್ ನಾಲಗೆಯ ಬುಡಕ್ಕೂ ಗಂಟಲಿಗೂ ಹೋಗುವ ನರವನ್ನು ವೇಗಸ್ ನರದೊಟ್ಟಿಗೆ (ಇಂದಿನ ಎಣಿಕೆಯಲ್ಲಿ ಹತ್ತನೆಯದು) ಸೇರಿಸಿ ಎರಡಕ್ಕೂ ಎಂಟನೆಯ ಜೋಡಿ ಎಂಬ ಒಂದೇ ಸಂಖ್ಯೆ ಕೊಟ್ಟಿದ್ದ. ಸಾಮರಿಂಗ್ ಅದನ್ನು ಬಿಡಿಸಿ ಒಂಬತ್ತನೆಯದು ಮಾಡಿದ. ಹೀಗೆ ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಗಂಟಲಿನ ನರದ ಹುಟ್ಟು, ದಾರಿ, ಮುಖ್ಯ ಕವಲುಗಳು ಅಂಗರಚನೆ ಬಲ್ಲವರಿಗೆ ಗೊತ್ತಿದ್ದ ಸಂಗತಿಗಳಾಗಿದ್ದವು. ಆದರೆ ಅದೇ ನರದಲ್ಲಿ ಹುಟ್ಟುವ ಭಯಂಕರ ನೋವಿಗೆ ಗ್ಲಾಸೊಫ್ಯಾರಿಂಜಿಯಲ್ ನರಶೂಲೆ ಎಂಬ ಹೆಸರು ಬಂದದ್ದು 1921ರಲ್ಲಿ. ನಡುವೆ 143 ವರ್ಷ. ನರ ಕಣ್ಣಿಗೆ ಕಂಡಿತ್ತು, ರೋಗಿಗಳು ನರಳುತ್ತಲೇ ಇದ್ದರು. ಎರಡನ್ನೂ ಜೋಡಿಸುವವರು ಇರಲಿಲ್ಲ. ರೋಗವನ್ನು ಮೊದಲು ಗುರುತಿಸಿ ಆಮೇಲೆ ಮದ್ದು ಹುಡುಕುವುದು ವೈದ್ಯದ ಕ್ರಮ ಎಂದು ನಾವು ನಂಬಿದ್ದೇವೆ. ಈ ನೋವಿನ ಚರಿತ್ರೆ ನಡೆದದ್ದು ತಿರುವುಮುರುವಾಗಿ. ಇಲ್ಲಿ ಪ್ರತಿ ಹೆಜ್ಜೆಯಲ್ಲೂ ಚಿಕಿತ್ಸೆಯೇ ಮುಂದೆ ಹೋಗಿದೆ. ಅದು ಗೆದ್ದಾಗಲೋ ಸೋತಾಗಲೋ ರೋಗದ ಗುರುತು ಸಿಕ್ಕಿದೆ.

ನೋವು ಬರುವುದು ಹೆಚ್ಚಾಗಿ ನುಂಗುವಾಗ. ಅನ್ನದ ತುತ್ತೇ ಆಗಬೇಕೆಂದಿಲ್ಲ, ಬಾಯಲ್ಲಿ ಊರಿದ ಉಗುಳಾದರೂ ಸಾಕು. ಮಾತು, ಕೆಮ್ಮು, ಆಕಳಿಕೆಗಳೂ ಅದನ್ನು ಕೆರಳಿಸುತ್ತವೆ. ನಾಲಗೆಯ ಬುಡದಲ್ಲಿ, ಟಾನ್ಸಿಲ್ ಇರುವ ಕುಳಿಯಲ್ಲಿ, ದವಡೆಯ ಮೂಲೆಯ ಕೆಳಗೆ ಅಥವಾ ಕಿವಿಯ ಒಳಗೆ ಆಳದಲ್ಲಿ, ಸಾಮಾನ್ಯವಾಗಿ ಒಂದೇ ಬದಿಗೆ, ಕರೆಂಟು ಹೊಡೆದಂತೆ ಕೆಲವು ಸೆಕೆಂಡುಗಳಿಂದ ಎರಡು ನಿಮಿಷದವರೆಗೆ ಇದ್ದು ಹೋಗುತ್ತದೆ. ಹೋದ ಮೇಲೆ ಗಂಟಲನ್ನು ಎಷ್ಟು ಪರೀಕ್ಷಿಸಿದರೂ ಕೆಂಪಿಲ್ಲ, ಬಾವಿಲ್ಲ, ಹುಣ್ಣಿಲ್ಲ. ವಾರಗಟ್ಟಲೆ ಕಾಡಿದ ಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸುಳಿವೇ ಇಲ್ಲದಿರುವುದೂ ಉಂಟು. ನುಂಗಲು ಹೆದರಿ ರೋಗಿ ಊಟ ಬಿಡುತ್ತಾನೆ, ಸೊರಗುತ್ತಾನೆ. ತಲೆಯನ್ನು ಮುಂದಕ್ಕೆ ಬಾಗಿಸಿ, ಬಾಯಿ ಅರೆ ತೆರೆದು, ಉಗುಳನ್ನು ಬಟ್ಟೆಗೆ ಇಳಿಯಬಿಟ್ಟು ಅಲುಗದೆ ಕೂರುತ್ತಾನೆ. ಇಂಥವರನ್ನು ನೋಡಿದ ವೈದ್ಯರಿಗೆ ಹಲ್ಲು, ಟಾನ್ಸಿಲ್, ಕಿವಿ, ಕೊನೆಗೆ ಮನಸ್ಸು ಎಂದು ಹತ್ತು ದಿಕ್ಕು ತೋಚಿದ್ದರಲ್ಲಿ ಆಶ್ಚರ್ಯವಿಲ್ಲ. ಗಂಟಲಿನ ನೋವು ಕಿವಿಗೆ ಹೋಗುವುದಕ್ಕೂ ಕಾರಣ ನರದ ರಚನೆಯಲ್ಲೇ ಇದೆ. ಒಂಬತ್ತನೆಯ ನರದ ಒಂದು ಸಣ್ಣ ಕವಲು ಮೂಳೆಯ ಕಿರುದಾರಿಯೊಂದರಲ್ಲಿ ಮೇಲೇರಿ ಕಿವಿಯ ನಡುಕೋಣೆಯನ್ನು ಸೇರುತ್ತದೆ. ಡೆನ್ಮಾರ್ಕಿನ ಲುಡ್ವಿಗ್ ಜೇಕಬ್ಸನ್ 1818ರಲ್ಲೇ ಅದನ್ನು ವಿವರಿಸಿದ್ದ. ಅಂದರೆ ಒಗಟು ಬಿಡಿಸಲು ಬೇಕಾದ ಅಂಗರಚನೆಯ ಜ್ಞಾನ ನೂರು ವರ್ಷ ಮೊದಲೇ ಪುಸ್ತಕಗಳಲ್ಲಿ ಕೂತಿತ್ತು.

ಹಾಗಾದರೆ ಕೊರತೆ ಇದ್ದದ್ದು ಎಲ್ಲಿ? ಉತ್ತರಕ್ಕೆ ಈ ನೋವಿನ ಅಕ್ಕನ ಕಡೆ ತಿರುಗಬೇಕು. ಐದನೆಯ ನರದಲ್ಲಿ ಹುಟ್ಟಿ ಕೆನ್ನೆ, ತುಟಿ, ದವಡೆಗಳನ್ನು ಸೀಳುವ ಮುಖದ ನರಶೂಲೆ ಬಹಳ ಹಿಂದೆಯೇ ಗುರುತಾಗಿತ್ತು. 1677ರಲ್ಲಿ ಪ್ಯಾರಿಸ್ಸಿನಲ್ಲಿದ್ದ ತತ್ತ್ವಜ್ಞಾನಿ ಜಾನ್ ಲಾಕ್ (ಅವನು ವೈದ್ಯನೂ ಆಗಿದ್ದ) ಇಂಗ್ಲಿಷ್ ರಾಯಭಾರಿಯ ಹೆಂಡತಿ, ನಾರ್ದಂಬರ್ಲೆಂಡಿನ ಕೌಂಟೆಸ್, ಅನುಭವಿಸುತ್ತಿದ್ದ ಅಂಥ ನೋವನ್ನು ಕಂಡು ಲಂಡನ್ನಿನ ವೈದ್ಯಮಿತ್ರನಿಗೆ ವಿವರವಾಗಿ ಬರೆದ. ಅವನು ಬರುವ ಹೊತ್ತಿಗೆ ಅಲ್ಲಿನ ವೈದ್ಯರು ಆಕೆಯ ಹಲ್ಲು ಕಿತ್ತಾಗಿತ್ತು, ನೋವು ಮಾತ್ರ ಇದ್ದಲ್ಲೇ ಇತ್ತು. 1756ರಲ್ಲಿ ಫ್ರಾನ್ಸಿನ ನಿಕೊಲಾ ಆಂದ್ರೆ ಅದಕ್ಕೆ ಟಿಕ್ ಡೂಲೂರೂ ಎಂದು ಹೆಸರಿಟ್ಟ, 1773ರಲ್ಲಿ ಲಂಡನ್ನಿನ ಜಾನ್ ಫಾದರ್‌ಗಿಲ್ ಅದರ ಲಕ್ಷಣಗಳನ್ನು ವೈದ್ಯಸಭೆಯ ಮುಂದೆ ಓದಿದ. ಅಲ್ಲಿಂದ ಮುಂದಿನ ನೂರಿಪ್ಪತ್ತು ವರ್ಷ ಹೆಸರೊಂದಿತ್ತೇ ಹೊರತು ನೆಚ್ಚಬಹುದಾದ ಮದ್ದಿರಲಿಲ್ಲ. ಹತ್ತು ಚಿಕಿತ್ಸೆ ಮಾಡಿ ಹತ್ತೂ ಸೋಲುವ ಕಡೆ ಹನ್ನೊಂದನೆಯ ಸೋಲಿಗೆ ಯಾರೂ ಬೆಲೆ ಕೊಡುವುದಿಲ್ಲ. ಪರಿಸ್ಥಿತಿ ಬದಲಾದದ್ದು 1892ರ ನಂತರ. ನ್ಯೂಯಾರ್ಕಿನ ಹಾರ್ಟ್ಲಿ ಮತ್ತು ಜರ್ಮನಿಯ ಕ್ರೌಸ ಆ ವರ್ಷ ಬೇರೆಬೇರೆಯಾಗಿ ಐದನೆಯ ನರದ ಗಂಟನ್ನು ತಲೆಬುರುಡೆಯ ಒಳಗಿನಿಂದ ತಲುಪಿದರು. 1900ರಲ್ಲಿ ಹಾರ್ವಿ ಕುಶಿಂಗ್ ಆ ದಾರಿಯನ್ನು ಸುಧಾರಿಸಿದ. 1901ರಲ್ಲಿ ಫಿಲಡೆಲ್ಫಿಯಾದ ಸ್ಪಿಲ್ಲರ್ ಹೇಳಿದ ಉಪಾಯದಂತೆ ಅದೇ ಊರಿನ ಫ್ರೇಜರ್ ಗಂಟಿನ ಹಿಂದಿನ ಬೇರನ್ನೇ ಕತ್ತರಿಸಿದ. ಜೊತೆಗೆ ನರಕ್ಕೆ ಆಲ್ಕೋಹಾಲ್ ಚುಚ್ಚಿ ಅದನ್ನು ಮರಗಟ್ಟಿಸುವ ಪದ್ಧತಿಯೂ ಬಂತು. ಮುಖದ ನರಶೂಲೆ ಹೀಗೆ ಬಹುಪಾಲು ಗುಣವಾಗುವ ಕಾಯಿಲೆಯಾಯಿತು. ಆದ್ದರಿಂದ ಗುಣವಾಗದೆ ಉಳಿದವರು ಮೊದಲ ಬಾರಿಗೆ ಎದ್ದು ಕಾಣತೊಡಗಿದರು.

1910ರಲ್ಲಿ ಅದೇ ಫಿಲಡೆಲ್ಫಿಯಾದ ನರವೈದ್ಯ ಥಿಯೊಡೋರ್ ವೈಸನ್‌ಬರ್ಗ್ ಪ್ರಕಟಿಸಿದ ವರದಿ ಅಂಥ ಒಬ್ಬ ರೋಗಿಯದು. ಆರು ವರ್ಷ ಅವನಿಗೆ ಮುಖದ ನರಶೂಲೆ ಎಂದೇ ಹೇಳಲಾಗಿತ್ತು. ನಿಜದಲ್ಲಿ ಕಿರುಮಿದುಳಿನ ಪಕ್ಕದ ಮೂಲೆಯಲ್ಲಿ ಒಂದು ಗೆಡ್ಡೆ ಬೆಳೆದು ಒಂಬತ್ತನೆಯ ನರವನ್ನು ಕೆರಳಿಸುತ್ತಿತ್ತು. ಈ ವರದಿ ಬಂದದ್ದು ಫಿಲಡೆಲ್ಫಿಯಾದಿಂದಲೇ ಎಂಬುದು ನನಗೆ ಕಾಕತಾಳೀಯವಾಗಿ ಕಾಣುವುದಿಲ್ಲ. ಐದನೆಯ ನರದ ಚಿಕಿತ್ಸೆ ಎಲ್ಲಿ ಅತ್ಯಂತ ಪಳಗಿತ್ತೋ ಅಲ್ಲಿಯೇ ಐದನೆಯ ನರ ನಿರಪರಾಧಿ ಎಂದು ಹೇಳುವ ಧೈರ್ಯ ವೈದ್ಯರಿಗೆ ಬರಬಲ್ಲದು. ಇದೇ 1910ರಲ್ಲಿ ತದ್ವಿರುದ್ಧವಾದ ಇನ್ನೊಂದು ಗಾಳಿಯೂ ಎದ್ದಿತು. ಲಂಡನ್ನಿನ ವಿಲಿಯಂ ಹಂಟರ್ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣದಲ್ಲಿ, ಮೈಯ ಅನೇಕ ಕಾಯಿಲೆಗಳಿಗೆ ಬಾಯಿಯಲ್ಲಿ ಅಡಗಿದ ಕೀವೇ ಮೂಲವೆಂದು ಸಾರಿದ. ಮುಂದಿನ ಎರಡು ದಶಕ ಹಲ್ಲುಗಳಿಗೂ ಟಾನ್ಸಿಲ್‌ಗಳಿಗೂ ಕೇಡುಗಾಲ. ಗಂಟಲಿನ ನರಶೂಲೆಯವರಿಗೆ ಈ ವಾದ ಎರಡು ರೀತಿಯಲ್ಲಿ ತೊಂದರೆ ಕೊಟ್ಟಿತು: ಗಂಟಲಲ್ಲಿ ನೋವಿದ್ದರೆ ಕೀಳಲು ಟಾನ್ಸಿಲ್ ಸಿದ್ಧವಾಗಿಯೇ ಇರುತ್ತದೆ, ಕಿತ್ತ ಮೇಲೆ ಕೆಲವು ತಿಂಗಳು ನೋವು ತಾನಾಗಿ ಅಡಗಿದರೆ ಅದು ಶಸ್ತ್ರಕ್ರಿಯೆಯ ಫಲವೆಂದು ಬರೆದುಕೊಳ್ಳಲಾಗುತ್ತದೆ. ಬಂದು ಹೋಗುವ ಸ್ವಭಾವದ ಕಾಯಿಲೆ ಎಂಥ ಅಡ್ಡಾದಿಡ್ಡಿ ಚಿಕಿತ್ಸೆಗೂ ಒಳ್ಳೆಯ ಹೆಸರು ತಂದುಕೊಡಬಲ್ಲದು.

1920ರಲ್ಲಿ ಪ್ಯಾರಿಸ್ಸಿನ ಸಿಕಾರ್ ಮತ್ತು ರೊಬಿನೊ ಮೂವರು ರೋಗಿಗಳ ಕಥೆ ಪ್ರಕಟಿಸಿದರು. ಗೆಡ್ಡೆ, ಸೋಂಕು ಇಂಥ ಯಾವ ಕಾರಣವೂ ಇಲ್ಲದೆ ಅಂಗುಳು ಮತ್ತು ಗಂಟಲಲ್ಲಿ ಮರುಕಳಿಸುವ ನೋವು ಅವರದು. ಸಿಕಾರ್ ಸಾಮಾನ್ಯನಲ್ಲ, ಬೆನ್ನುಹುರಿಯ ಸುತ್ತ ಲಿಪಿಯೊಡಾಲ್ ಎಂಬ ಎಣ್ಣೆ ತುಂಬಿ ಎಕ್ಸ್‌ರೇಯಲ್ಲಿ ನೋಡುವ ವಿದ್ಯೆಯನ್ನು ಮುಂದೆ ಫೊರೆಸ್ತಿಯೆ ಜೊತೆ ತಂದವನು ಅವನೇ. ಮುಖದ ನರಶೂಲೆಗೆ ಆಲ್ಕೋಹಾಲ್ ಚುಚ್ಚುವುದರಲ್ಲೂ ಅವನ ಕೈ ಪಳಗಿತ್ತು. ಆದರೆ ಒಂಬತ್ತನೆಯ ನರ ತಲೆಬುರುಡೆಯಿಂದ ಹೊರಬೀಳುವ ಕಿಂಡಿಯಲ್ಲಿ ಹತ್ತನೆಯ, ಹನ್ನೊಂದನೆಯ ನರಗಳೂ ಕುತ್ತಿಗೆಯ ದೊಡ್ಡ ಅಭಿಧಮನಿಯೂ ಮೈಗೆ ಮೈ ತಾಗಿಸಿಕೊಂಡಿವೆ, ಶಿರೋಧಮನಿ ಅಲ್ಲೇ ಪಕ್ಕದಲ್ಲಿದೆ. ಅಲ್ಲಿ ಕುರುಡು ಸೂಜಿ ಹಾಕಿ ಆಲ್ಕೋಹಾಲ್ ಬಿಡುವುದು ಪ್ರಾಣದೊಡನೆ ಆಟ. ಹಾಗಾಗಿ ಶಸ್ತ್ರವೈದ್ಯ ರೊಬಿನೊ ಕುತ್ತಿಗೆಯನ್ನು ತೆರೆದು ನರವನ್ನೂ, ಅದರ ಜೊತೆಗೆ ವೇಗಸ್‌ನಿಂದ ಗಂಟಲಿಗೆ ಬರುವ ಕವಲನ್ನೂ ಕತ್ತರಿಸಬೇಕಾಯಿತು. ನೋವು ನಿಂತಿತು. ನಿಂತದ್ದರಿಂದಲೇ ಅದು ಯಾವ ನರದ ನೋವೆಂಬುದಕ್ಕೆ ಸಾಕ್ಷ್ಯ ದೊರೆಯಿತು. ಮರುವರ್ಷ ಲಂಡನ್ನಿನ ವಿಲ್ಫ್ರೆಡ್ ಹ್ಯಾರಿಸ್ ಇಂದಿನ ಹೆಸರನ್ನು ಬಳಕೆಗೆ ತಂದ. ನರಕ್ಕೆ ಆಲ್ಕೋಹಾಲ್ ಚುಚ್ಚುವುದರಲ್ಲಿ ಅವನದೂ ಪ್ರಸಿದ್ಧ ಕೈ ಎಂಬುದನ್ನು ಮರೆಯಬಾರದು. ನಂತರ ರೂಢಿಗೆ ಬಂದ ಸರಳ ಪರೀಕ್ಷೆಯೂ ಇದೇ ತರ್ಕದ್ದು: ಕೊಕೇನ್ ದ್ರಾವಣದಲ್ಲಿ ಅದ್ದಿದ ಹತ್ತಿಯನ್ನು ಟಾನ್ಸಿಲ್ ಜಾಗಕ್ಕೂ ಗಂಟಲಿನ ಗೋಡೆಗೂ ಒತ್ತಿ, ಸ್ವಲ್ಪ ಕಾಯ್ದು, ರೋಗಿಗೆ ನೀರು ನುಂಗಲು ಹೇಳುವುದು. ಮರಗಟ್ಟಿರುವಷ್ಟು ಹೊತ್ತು ನೋವಿಲ್ಲದೆ ನುಂಗಿದರೆ ಅಪರಾಧಿ ಒಂಬತ್ತನೆಯ ನರ. ಅರ್ಧ ಗಂಟೆಯ ಚಿಕಿತ್ಸೆಯೇ ಇಲ್ಲಿ ರೋಗನಿರ್ಣಯ.

ಚಿಕಿತ್ಸೆಯೇ ಮುಂದೆ ಎಂಬ ಈ ವಾದಕ್ಕೆ ಸುಲಭವಾಗಿ ಬರುವ ಆಕ್ಷೇಪವೊಂದಿದೆ: ಇಷ್ಟೆಲ್ಲ ತರ್ಕ ಯಾಕೆ, ಕಾಯಿಲೆ ತೀರ ಅಪರೂಪ, ಅದಕ್ಕೇ ತಡವಾಯಿತು. ಅಮೆರಿಕದ ಮಿನೆಸೋಟ ರಾಜ್ಯದ ರಾಚೆಸ್ಟರ್ ಊರಿನ ಆರೋಗ್ಯ ದಾಖಲೆಗಳಿಂದ 1990ರ ಆಸುಪಾಸಿನಲ್ಲಿ ಲೆಕ್ಕ ಹಾಕಿದಾಗ, ವರ್ಷಕ್ಕೆ ಲಕ್ಷ ಜನರಲ್ಲಿ ಮುಖದ ನರಶೂಲೆ ಹೊಸದಾಗಿ ಬರುವವರು 4.3, ಗಂಟಲಿನದು ಬರುವವರು 0.7. ಅಪರೂಪ ಹೌದು, ಆದರೆ ಅಕ್ಕನ ಆರನೆಯ ಒಂದು ಪಾಲು. ಮುಖದ ನರಶೂಲೆಯ ನೂರು ರೋಗಿಗಳನ್ನು ಕಂಡ ವೈದ್ಯನ ಮುಂದೆ ಇಂಥವರೂ ಹತ್ತು ಹದಿನೈದು ಮಂದಿ ಕೂತು ಎದ್ದು ಹೋಗಿರಲೇಬೇಕು. ಹೆಸರು ಬಂದ ಮೇಲೆ ಅದೇ ಊರಿನ ಮೇಯೊ ಕ್ಲಿನಿಕ್ ಒಂದರಲ್ಲೇ 217 ರೋಗಿಗಳ ದಾಖಲೆ ಸೇರಿತು, 1981ರಲ್ಲಿ ಅದು ಪ್ರಕಟವಾಯಿತು. ಅವರಲ್ಲಿ ಸುಮಾರು ನೂರಕ್ಕೆ ಹನ್ನೆರಡು ಜನರಿಗೆ ಮುಖದ ನರಶೂಲೆಯೂ ಇತ್ತು ಎಂಬ ಅಂಶ ಹಳೆಯ ಗೊಂದಲವನ್ನು ಇನ್ನಷ್ಟು ಅರ್ಥವಾಗಿಸುತ್ತದೆ. ಇನ್ನು ನಮ್ಮಲ್ಲಿ ಕೆಲವರು, ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಅನಂತವಾತವೆಂಬ ಶಿರೋರೋಗದ ವರ್ಣನೆ ಇದೆಯಲ್ಲ, ಇದೆಲ್ಲ ಹಿಂದೆಯೇ ತಿಳಿದಿತ್ತು ಎನ್ನಬಹುದು. ಆ ವರ್ಣನೆ ಕುತ್ತಿಗೆಯ ಹಿಂಭಾಗ, ಕಣ್ಣು, ಹುಬ್ಬು, ಕಣತಲೆಗಳ ನೋವಿನದು, ದವಡೆ ಹಿಡಿದುಕೊಳ್ಳುವುದರದು. ಮುಖದ ನರಶೂಲೆಯ ಜೊತೆ ಅದನ್ನು ಹೋಲಿಸುವವರಿದ್ದಾರೆ, ಹೋಲಿಸಲಿ. ನುಂಗಿದಾಗ ಗಂಟಲಲ್ಲಿ ಸಿಡಿಯುವ ನೋವನ್ನು ಅದರೊಳಗೆ ತುರುಕಿದರೆ ಸುಶ್ರುತನ ಸೂಕ್ಷ್ಮ ಗ್ರಹಿಕೆಗೇ ಅನ್ಯಾಯ ಮಾಡಿದಂತೆ.

ಕುತ್ತಿಗೆಯಲ್ಲಿ ನರ ಕತ್ತರಿಸಿದರೆ ಸುತ್ತಲಿನ ನರಗಳಿಗೆ ಪೆಟ್ಟು ಬೀಳುತ್ತದೆ, ನೋವು ಮರಳುವ ಭಯವೂ ಇದೆ. ಜಾನ್ಸ್ ಹಾಪ್ಕಿನ್ಸ್‌ನ ವಾಲ್ಟರ್ ಡ್ಯಾಂಡಿ 1927ರಲ್ಲಿ ವಿವರಿಸಿದ ದಾರಿ ಬೇರೆ: ತಲೆಬುರುಡೆಯ ಹಿಂಭಾಗವನ್ನು ತೆರೆದು, ಕಿರುಮಿದುಳನ್ನು ಪಕ್ಕಕ್ಕೆ ಸರಿಸಿ, ಮಿದುಳುಕಾಂಡದಿಂದ ಹೊರಟ ಒಂಬತ್ತನೆಯ ನರವನ್ನು ಅದು ಇನ್ನೂ ಒಂಟಿಯಾಗಿರುವಲ್ಲೇ ಕತ್ತರಿಸುವುದು. ರೋಗಿಗೆ ಆ ಬದಿಯ ನಾಲಗೆಯ ಹಿಂಭಾಗದಲ್ಲಿ ರುಚಿ ಹೋಗುತ್ತದೆ, ಟಾನ್ಸಿಲ್ ಕುಳಿ ಮರಗಟ್ಟುತ್ತದೆ, ನುಂಗುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಿಲ್ಲ. ಒಂಬತ್ತನೆಯ ನರ ಮನುಷ್ಯನಲ್ಲಿ ನಿಖರವಾಗಿ ಏನೇನು ಮಾಡುತ್ತದೆಂಬುದಕ್ಕೆ ಶವದ ಮೇಜಿನಲ್ಲಿ ಸಿಗದಿದ್ದ ಉತ್ತರ ಈ ಶಸ್ತ್ರಕ್ರಿಯೆಗಳಿಂದ ಸಿಕ್ಕಿತು. ಕೆಲವರಲ್ಲಿ ಅಷ್ಟರಿಂದ ನೋವು ಪೂರ್ತಿ ಹೋಗಲಿಲ್ಲ. ಆಗ ವೇಗಸ್ ನರದ ಮೇಲಿನ ಒಂದೆರಡು ಎಳೆಗಳನ್ನೂ ಸೇರಿಸಿ ಕತ್ತರಿಸುವ ಕ್ರಮ ಬಂತು. ಕಾಯಿಲೆ ಒಂದೇ ನರದ್ದಲ್ಲ, ಹತ್ತನೆಯದೂ ಪಾಲುದಾರ ಎಂಬುದು ಹೀಗೆ ಹೊರಬಿತ್ತು. 1969ರಲ್ಲಿ ವೈಟ್ ಮತ್ತು ಸ್ವೀಟ್ ಎರಡೂ ನರಗಳ ಹೆಸರನ್ನು ಕೂಡಿಸಿ ಹೇಳುವುದು ಸರಿಯೆಂದರು. ಇನ್ನೊಂದು ವಿಚಿತ್ರವೂ ಇದಕ್ಕೆ ಒತ್ತಾಸೆಯಾಗಿತ್ತು. ಕೆಲವೇ ಕೆಲವು ರೋಗಿಗಳು ನೋವು ಹೊಡೆದ ಕ್ಷಣದಲ್ಲಿ ನಾಡಿ ನಿಧಾನವಾಗಿ, ಹೃದಯ ಕೆಲವು ಸೆಕೆಂಡು ನಿಂತು, ಪ್ರಜ್ಞೆ ತಪ್ಪಿ ಬೀಳುತ್ತಾರೆ. 1942ರಲ್ಲಿ ರೈಲಿ ಮತ್ತು ಸಂಗಡಿಗರು ಇದನ್ನು ವಿವರಿಸಿದರು. ಕುತ್ತಿಗೆಯ ಶಿರೋಧಮನಿಯಲ್ಲಿರುವ, ರಕ್ತದ ಒತ್ತಡವನ್ನು ಅಳೆಯುವ ಉಬ್ಬಿನಿಂದ ಸುದ್ದಿ ಒಯ್ಯುವುದು ಒಂಬತ್ತನೆಯ ನರದ್ದೇ ಕವಲು. ಹೊದಿಕೆ ಹರಿದ ಎರಡು ತಂತಿ ತಾಗಿದಂತೆ ನೋವಿನ ಸಂಕೇತ ಆ ದಾರಿಗೆ ಹಾರಿದರೆ, ಒತ್ತಡ ವಿಪರೀತ ಏರಿತೆಂದು ಮಿದುಳು ತಪ್ಪು ತಿಳಿದು ವೇಗಸ್ ಮೂಲಕ ಹೃದಯಕ್ಕೆ ಕಡಿವಾಣ ಹಾಕುತ್ತದೆ. ಮೂರ್ಛೆರೋಗವೆಂದೋ ಹೃದ್ರೋಗವೆಂದೋ ತಿಳಿದು ಇವರಿಗೆ ಸಲ್ಲದ ಚಿಕಿತ್ಸೆ ನಡೆಯುವ ಸಂಭವ ಈಗಲೂ ಇದೆ.

ಹೆಚ್ಚು ಗಟ್ಟಿಯಾದ ಆಕ್ಷೇಪ ಕಿವಿ-ಮೂಗು-ಗಂಟಲಿನ ವೈದ್ಯರ ಕಡೆಯಿಂದ ಬರುತ್ತದೆ. ಚಿಕಿತ್ಸೆಯನ್ನೇ ಸಾಕ್ಷಿ ಮಾಡಿಕೊಂಡರೆ ಒಂದೇ ಬಗೆಯ ನೋವು ಕೊಡುವ ಬೇರೆ ಕಾರಣಗಳು ಮರೆಯಾಗುವುದಿಲ್ಲವೇ? ಆಗುತ್ತವೆ. 1937ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ವಾಟ್ ಈಗಲ್, ಕಿವಿಯ ಕೆಳಗಿನಿಂದ ಗಂಟಲಿನ ಕಡೆಗೆ ಇಳಿಯುವ ಮೊನೆಮೂಳೆಯೊಂದು ಉದ್ದವಾಗಿ ಬೆಳೆದು ಇಂಥದೇ ನೋವು ಕೊಡುವುದನ್ನು ತೋರಿಸಿದ. ಅದರ ಸಹಜ ಉದ್ದ ಸುಮಾರು 2.5 ಸೆಂಟಿಮೀಟರ್. ಅದಕ್ಕಿಂತ ಉದ್ದವಾದಾಗ ಟಾನ್ಸಿಲ್ ಕುಳಿಗೆ ಬೆರಳು ಹಾಕಿದರೆ ಗಟ್ಟಿಯಾಗಿ ತಾಗುತ್ತದೆ, ಒತ್ತಿದರೆ ನೋವು ಕೆರಳುತ್ತದೆ. ಇಲ್ಲಿಯೂ ಕೊಕೇನ್ ಹಚ್ಚಿದರೆ ನೋವು ಅಡಗಬಹುದು, ಯಾಕೆಂದರೆ ಮೂಳೆ ಚುಚ್ಚುತ್ತಿರುವುದು ಅದೇ ನರದ ಸೀಮೆಯಲ್ಲಿ. ಟಾನ್ಸಿಲ್ ಅಥವಾ ನಾಲಗೆಯ ಬುಡದ ಕ್ಯಾನ್ಸರ್ ಕೂಡ ಕಿವಿಯವರೆಗೆ ನೋವು ಕಳಿಸುತ್ತದೆ. ಅಡಿಕೆ, ತಂಬಾಕು ಅಗಿಯುವ ರೂಢಿ ಬಲವಾಗಿರುವ ನಮ್ಮ ನಾಡಿನಲ್ಲಿ, ಒಂದು ಬದಿಯ ಗಂಟಲುನೋವು ಕಿವಿಗೆ ಹಾಯ್ದರೆ ಮೊದಲು ಅನುಮಾನಿಸಬೇಕಾದದ್ದು ನರಶೂಲೆಯನ್ನಲ್ಲ. ವೈಸನ್‌ಬರ್ಗನ ರೋಗಿಯಲ್ಲೇ ಗೆಡ್ಡೆ ಇತ್ತಲ್ಲ! ಆದ್ದರಿಂದ ಆಕ್ಷೇಪವನ್ನು ಒಪ್ಪಿಕೊಂಡೇ ನನ್ನ ಮಾತನ್ನು ಬಿಗಿಗೊಳಿಸಬೇಕಾಗುತ್ತದೆ. ಯಾವ ನರ ಎಂಬ ಪ್ರಶ್ನೆಗೆ ಚಿಕಿತ್ಸೆ ಉತ್ತರ ಕೊಟ್ಟಿದೆ. ಆ ನರಕ್ಕೆ ಏನಾಗಿದೆ ಎಂಬ ಪ್ರಶ್ನೆಗೆ ಅದರ ಉತ್ತರವನ್ನು ನೆಚ್ಚುವಂತಿಲ್ಲ.

ಮಾತ್ರೆಯ ಕಥೆಯಲ್ಲಿ ಈ ಎರಡೂ ಮುಖಗಳು ಕಾಣುತ್ತವೆ. ಕಾರ್ಬಮಜೆಪೀನ್ ಅನ್ನು 1953ರಲ್ಲಿ ಬಾಸೆಲ್‌ನ ಗೈಗಿ ಕಂಪನಿಯ ವಾಲ್ಟರ್ ಶಿಂಡ್ಲರ್ ತಯಾರಿಸಿದ. ಫಿಟ್ಸ್ ತಡೆಯುವ ಈ ಔಷಧ ಮುಖದ ನರಶೂಲೆಯನ್ನು ಅಡಗಿಸುತ್ತದೆಂದು 1962ರಲ್ಲಿ ಸ್ವೀಡನ್ನಿನ ಬ್ಲೂಮ್ ವರದಿ ಮಾಡಿದ. 1966ರಲ್ಲಿ ಅದೇ ದೇಶದ ಎಕ್ಬಾಮ್ ಮತ್ತು ವೆಸ್ಟರ್‌ಬರ್ಗ್ ಗಂಟಲಿನ ನರಶೂಲೆಯಲ್ಲೂ ಅದನ್ನು ಬಳಸಿ ಬರೆದರು. ಅಮೆರಿಕದಲ್ಲಿ ಅದಕ್ಕೆ ಮೊದಲು ಅನುಮತಿ ಸಿಕ್ಕಿದ್ದು ನರಶೂಲೆಗೆ, 1968ರಲ್ಲಿ. ಫಿಟ್ಸ್‌ಗೆ ಸಿಕ್ಕಿದ್ದು ಆರು ವರ್ಷ ಕಳೆದ ಮೇಲೆ. ಸಾಮಾನ್ಯ ನೋವಿನ ಮಾತ್ರೆಗೆ ಜಗ್ಗದ್ದು ಕಾರ್ಬಮಜೆಪೀನ್‌ಗೆ ಜಗ್ಗಿತೆಂದರೆ ವೈದ್ಯರು ನರಶೂಲೆ ಎಂದು ತಲೆದೂಗುತ್ತಾರೆ. ಆದರೆ ಗೆಡ್ಡೆಯೊಂದು ನರವನ್ನು ಒತ್ತುತ್ತಿದ್ದಾಗಲೂ ಅದೇ ಮಾತ್ರೆ ಕೆಲವು ಕಾಲ ನೋವನ್ನು ಮುಚ್ಚಿಹಾಕಬಲ್ಲದು. ಮಾತ್ರೆಗೆ ತನ್ನದೇ ಅಪಾಯವೂ ಇದೆ. ಎಚ್‌ಎಲ್‌ಎ-ಬಿ 1502 ಎಂಬ ಆನುವಂಶಿಕ ಗುರುತು ಇರುವವರಲ್ಲಿ ಅದು ಮೈಯ ಚರ್ಮವೇ ಸುಲಿದುಬರುವಂಥ ಪ್ರತಿಕ್ರಿಯೆ ತರಬಹುದು. ಈ ಗುರುತು ಏಷ್ಯಾದ ಜನರಲ್ಲಿ ಹೆಚ್ಚು. ಹಾಗಾಗಿ ಏಷ್ಯಾ ಮೂಲದವರಿಗೆ ಮಾತ್ರೆ ಕೊಡುವ ಮುನ್ನ ರಕ್ತಪರೀಕ್ಷೆ ಮಾಡಬೇಕೆಂದು ಅಮೆರಿಕದ ಔಷಧ ನಿಯಂತ್ರಕರು 2007ರಲ್ಲಿ ಎಚ್ಚರಿಸಿದರು. ಗುರುತು ಹಿಡಿಯಲೆಂದು ಮಾತ್ರೆ ಕೊಟ್ಟು ನೋಡೋಣ ಎನ್ನುವುದು ಎಲ್ಲರ ವಿಷಯದಲ್ಲೂ ನಿರಪಾಯವಾದ ಪ್ರಯೋಗವಲ್ಲ.

ಈಗ ಎಂಆರ್‌ಐ ಇದೆ, ಈ ಹಳೆಯ ಪಾಡು ಮುಗಿಯಿತು ಎನ್ನುವವರಿಗೂ ಉತ್ತರ ಹೇಳಬೇಕು. ನರವನ್ನು ಮಿದುಳುಕಾಂಡದ ಬಳಿ ರಕ್ತನಾಳವೊಂದು ಒತ್ತುವುದೇ ಇಂಥ ನೋವಿಗೆ ಕಾರಣವಿರಬಹುದೆಂದು ಡ್ಯಾಂಡಿ ಐದನೆಯ ನರದ ಬಗ್ಗೆ 1934ರಲ್ಲೇ ಬರೆದಿದ್ದ. ಮುಂದೆ ಪಿಟ್ಸ್‌ಬರ್ಗಿಗೆ ಬಂದ ಪೀಟರ್ ಜನೆಟ್ಟ 1960ರ ದಶಕದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಅದನ್ನು ಕಣ್ಣಾರೆ ಕಂಡು, ನರ ಕತ್ತರಿಸುವ ಬದಲು ನಾಳವನ್ನು ಮೆತ್ತಗೆ ಎತ್ತಿ ನಡುವೆ ಮೆತ್ತೆ ಇಡುವ ಶಸ್ತ್ರಕ್ರಿಯೆಯನ್ನು ಬೆಳೆಸಿದ. 1977ರಲ್ಲಿ ಲಾಹಾ ಜೊತೆ ಸೇರಿ ಒಂಬತ್ತನೆಯ ನರಕ್ಕೂ ಅದನ್ನು ಅನ್ವಯಿಸಿ ಪ್ರಕಟಿಸಿದ. ಅಲ್ಲಿ ನರಕ್ಕೆ ತಾಗಿಕೊಂಡಿರುವುದು ಹೆಚ್ಚಾಗಿ ಕಿರುಮಿದುಳಿನ ಕೆಳಭಾಗಕ್ಕೆ ಸುತ್ತಿ ಹೋಗುವ ಅಪಧಮನಿಯ ಒಂದು ಕೊಂಡಿ. ಎಂಆರ್‌ಐ ಈ ಕೊಂಡಿಯನ್ನು ತೋರಿಸುತ್ತದೆ, ಗೆಡ್ಡೆ ಇಲ್ಲವೆಂದು ಖಾತ್ರಿಪಡಿಸುತ್ತದೆ; ಆ ಕಾರಣಕ್ಕೆ ಅದನ್ನು ಮಾಡಿಸದೆ ಮುಂದುವರಿಯುವಂತಿಲ್ಲ. ಆದರೆ ಜೀವಮಾನದಲ್ಲಿ ನೋವೇ ಕಾಣದವರ ಎಂಆರ್‌ಐಯಲ್ಲೂ ನಾಳ ನರಕ್ಕೆ ತಾಗಿಕೊಂಡಿರುತ್ತದೆ. ಆದ್ದರಿಂದಲೇ ಅಂತಾರಾಷ್ಟ್ರೀಯ ತಲೆನೋವು ಸಂಘದ 2018ರ ವರ್ಗೀಕರಣದಲ್ಲೂ ಮೊದಲ ತೀರ್ಮಾನ ನಿಂತಿರುವುದು ರೋಗಿ ಹೇಳುವ ಮಾತಿನ ಮೇಲೆ: ಎಲ್ಲಿ, ಎಷ್ಟು ಹೊತ್ತು, ಯಾವುದರಿಂದ ಕೆರಳುತ್ತದೆ. ಜನೆಟ್ಟನ ತಂಡ 1995ರಲ್ಲಿ ತನ್ನ 40 ರೋಗಿಗಳ ಫಲಿತಾಂಶ ಮುಂದಿಟ್ಟಿತು. ಸುಮಾರು ನೂರಕ್ಕೆ 79 ಜನರಿಗೆ ನೋವು ಪೂರ್ತಿಯಾಗಿ ಅಥವಾ ಹೆಚ್ಚುಕಡಿಮೆ ಪೂರ್ತಿಯಾಗಿ ಹೋಗಿತ್ತು. ಇಬ್ಬರು ಸತ್ತಿದ್ದರು, ಇಬ್ಬರೂ ಆರಂಭದ ವರ್ಷಗಳಲ್ಲಿ, ರಕ್ತದೊತ್ತಡ ಹತೋಟಿ ತಪ್ಪಿ ಮಿದುಳಿನಲ್ಲಿ ರಕ್ತಸ್ರಾವವಾಗಿ. ನರಗಳ ಆ ಜಾಗವನ್ನು ಮುಟ್ಟಿದರೆ ಒತ್ತಡ ಏರುಪೇರಾಗುತ್ತದೆಂಬ ಪಾಠ ಅರಿವಳಿಕೆ ತಜ್ಞರಿಗೆ ಇಂಥ ಸಾವುಗಳಿಂದಲೂ ಬಂದದ್ದು. ಇಂದಿಗೂ ತಲೆಬುರುಡೆ ತೆರೆದು ನೋಡಿದಾಗ ಒತ್ತುವ ನಾಳ ಸಿಗದೇ ಇರುವ ಸಂದರ್ಭಗಳಿವೆ. ಆಗ ಶಸ್ತ್ರವೈದ್ಯರು ಸಾಮಾನ್ಯವಾಗಿ ಹಿಡಿಯುವುದು ಡ್ಯಾಂಡಿಯ ದಾರಿಯನ್ನೇ: ಒಂಬತ್ತನೆಯ ನರವನ್ನೂ ಹತ್ತನೆಯದರ ಮೇಲಿನ ಒಂದೆರಡು ಎಳೆಗಳನ್ನೂ ಕತ್ತರಿಸಿ, ರೋಗಿ ಎಚ್ಚೆತ್ತ ಮೇಲೆ ಒಂದು ಗುಟುಕು ನೀರು ಕೊಟ್ಟು ನೋಡುತ್ತಾರೆ.